ತಾಯಿ ಕಾರ್ಡೇ ಪಾಸ್ ಆಗಬೇಕಿತ್ತು

2020ರ ಮಾರ್ಚ್ ಕೊನೆಯ ವಾರ, ಕೋವಿಡ್ ಲಾಕ್‌ಡೌನ್ ಶುರುವಾಗಿತ್ತು. ಕೇರಳದ ಕಾಸರಗೋಡು ಕಡೆಯಿಂದ ಮಂಗಳೂರಿಗೆ ಹೊರಟ ಆಂಬುಲೆನ್ಸ್ ತಲಪಾಡಿ ಗಡಿಯಲ್ಲಿ ನಿಂತಿತು. ಒಳಗೆ ಹೆರಿಗೆ ನೋವು ತಿನ್ನುತ್ತಿದ್ದವಳು ದುಡಿಮೆಗೆಂದು ಬಿಹಾರದಿಂದ ಬಂದ ಕುಟುಂಬದ ಹೆಣ್ಣುಮಗಳು. ನಮ್ಮ ಕರ್ನಾಟಕದ ಪೊಲೀಸರು ಬಿಡಲಿಲ್ಲ. ವಾಪಸ್ ಹೋಗುವ ದಾರಿಯಲ್ಲಿ ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತು. ಪುಣ್ಯಕ್ಕೆ ತಾಯಿ ಮಗು ಉಳಿದರು. ಅದೇ ಗಡಿ ದಾಟಲಾಗದ ಬೇರೆ ಕೆಲವು ರೋಗಿಗಳು ಉಳಿಯಲಿಲ್ಲ.

ಗಡಿಯಾಚೆಯ ಮಂಜೇಶ್ವರ, ಉಪ್ಪಳದ ಕನ್ನಡ, ತುಳು ಮನೆಗಳಿಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರೇ. ಆ ದಾರಿಗೆ ನಾವು ಮಣ್ಣು ಸುರಿದೆವು. ಕೇರಳ ಹೈಕೋರ್ಟ್ ದಾರಿ ಬಿಡಿಸಿ ಎಂದಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಷರತ್ತುಗಳೊಂದಿಗೆ ರೋಗಿಗಳಿಗೆ ದಾರಿ ಸಿಕ್ಕಿತು. ಕಾಸರಗೋಡಿನಲ್ಲಿ ಆಗ ಸೋಂಕು ಹೆಚ್ಚಿತ್ತು, ಭಯ ಸುಳ್ಳಲ್ಲ. ಆದರೆ ಸೋಂಕು ತಡೆಯುವುದು ಬೇರೆ, ದಿನ ತುಂಬಿದ ಬಸುರಿಯನ್ನು ತಡೆಯುವುದು ಬೇರೆ. ಲಾಕ್‌ಡೌನ್ ಆದೇಶದಲ್ಲಿ ಆಸ್ಪತ್ರೆಗೆ ವಿನಾಯಿತಿ ಇತ್ತು. ಆಸ್ಪತ್ರೆ ತೆರೆದಿಟ್ಟು ರಸ್ತೆ ಮುಚ್ಚಿದರೆ ಆ ವಿನಾಯಿತಿಯಿಂದ ಯಾರಿಗೆ ಏನು ಸಿಕ್ಕಿತು?

ಈಗ ಕೆಲವರು ಹೇಳುತ್ತಾರೆ, ಲಾಕ್‌ಡೌನ್ ಬಸುರಿಯರಿಗೆ ಒಳ್ಳೆಯದನ್ನೇ ಮಾಡಿತು, ತಿಂಗಳು ತುಂಬುವ ಮೊದಲೇ ಆಗುವ ಹೆರಿಗೆಗಳು ಕಡಿಮೆಯಾದವು ಎಂದು. ಡೆನ್ಮಾರ್ಕ್, ಐರ್ಲೆಂಡ್‌ಗಳಿಂದ 2020ರಲ್ಲೇ ಇಂಥ ಸುದ್ದಿ ಬಂದಿತ್ತು. ಮುಂದೆ 26 ದೇಶಗಳ 5.2 ಕೋಟಿ ಹೆರಿಗೆಗಳನ್ನು ನೋಡಿದ ಅಧ್ಯಯನವೂ ಮೊದಲ ಮೂರು ತಿಂಗಳಲ್ಲಿ ಶೇ 3–4ರಷ್ಟು ಇಳಿಕೆ ಕಂಡಿತು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಲೆಕ್ಕದ ಬಹುಪಾಲು ಶ್ರೀಮಂತ ದೇಶಗಳದು. ಸಂಬಳ ನಿಲ್ಲದೆ ಮನೆಯಲ್ಲಿ ಕೂತು ವಿಶ್ರಾಂತಿ ಪಡೆಯಬಹುದಾದ ಬಸುರಿಯ ಕಥೆಯನ್ನು, ಕೆಲಸ ಹೋಗಿ ನಾಸಿಕ್‌ನಿಂದ ಮಧ್ಯಪ್ರದೇಶದ ಕಡೆಗೆ ನಡೆಯುತ್ತ ರಸ್ತೆಯಲ್ಲೇ ಹೆತ್ತು, ಒಂದೆರಡು ಗಂಟೆ ಸುಧಾರಿಸಿಕೊಂಡು ಮತ್ತೆ ನಡೆದ ಹೆಂಗಸಿನ ಕಥೆಗೆ ಹೇಗೆ ಅನ್ವಯಿಸುತ್ತೀರಿ?

ನಮಗೆ ಹತ್ತಿರದ ಕನ್ನಡಿ ನೇಪಾಳ. ಅಲ್ಲಿನ ಒಂಬತ್ತು ಆಸ್ಪತ್ರೆಗಳಲ್ಲಿ ವಾರಕ್ಕೆ ಸುಮಾರು 1,260 ಹೆರಿಗೆ ಆಗುತ್ತಿದ್ದುದು ಲಾಕ್‌ಡೌನ್‌ನಲ್ಲಿ 650ಕ್ಕೆ ಇಳಿಯಿತು. ಬರಬೇಕಾದವರಲ್ಲಿ ಅರ್ಧದಷ್ಟು ಜನ ಬರಲೇ ಇಲ್ಲ. ಬಂದವರಲ್ಲಿ ಸತ್ತು ಹುಟ್ಟಿದ ಶಿಶುಗಳು ಸಾವಿರಕ್ಕೆ 14 ಇದ್ದದ್ದು 21 ಆಯಿತು. ಹುಟ್ಟಿದ ಮೇಲೆ ತೀರಿಕೊಂಡ ಹಸುಗೂಸುಗಳು ಸಾವಿರಕ್ಕೆ 13ರಿಂದ 40ಕ್ಕೆ ಏರಿದವು. ತಿಂಗಳು ತುಂಬದ ಹೆರಿಗೆಯೂ ಅಲ್ಲಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ತೀರಾ ಕಷ್ಟವಾದವರಷ್ಟೇ ಆಸ್ಪತ್ರೆಗೆ ಬಂದಿದ್ದರಿಂದ ಸಂಖ್ಯೆ ಏರಿ ಕಂಡಿರಬಹುದು, ಒಪ್ಪೋಣ. ಹಾಗಿದ್ದರೂ, ಬಾರದೆ ಉಳಿದವರ ಹೆರಿಗೆ ಎಲ್ಲಿ, ಯಾರ ಕೈಯಲ್ಲಿ ಆಯಿತು? ಇದನ್ನೆಲ್ಲ ವೈರಸ್ ತಲೆಗೆ ಕಟ್ಟಲೂ ಆಗದು. ಮೇ ಮಧ್ಯದವರೆಗೆ ನೇಪಾಳದಲ್ಲಿ ಕೋವಿಡ್‌ನಿಂದ ಒಂದು ಸಾವೂ ದಾಖಲಾಗಿರಲಿಲ್ಲ. ದಾಖಲಾದ ಮೊದಲ ಸಾವು ಒಬ್ಬ ಬಾಣಂತಿಯದು.

ನಮ್ಮಲ್ಲಿ ಇನ್ನೊಂದು ಗಂಟಿತ್ತು, ಆದೇಶ ಬರೆದವರಿಗೆ ಅದು ಹೊಳೆಯಲೇ ಇಲ್ಲ. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುತ್ತಾಳೆ. ಬಸುರಿಯ ತಪಾಸಣೆ ಬರೆದಿಡುವ ಸರ್ಕಾರಿ ತಾಯಿ ಕಾರ್ಡ್ ಗಂಡನ ಊರಿನದು, ಹೆರಿಗೆ ಅಮ್ಮನ ಊರಿನಲ್ಲಿ, ನಡುವೆ ಜಿಲ್ಲೆಯ ಗಡಿ, ಪಾಸು. ಬಸ್ಸಿಲ್ಲ, ಆಟೋ ಇಲ್ಲ. ಬಿಪಿ ತಪಾಸಣೆಗೆ ಕರೆದೊಯ್ದು, ಕಾಲಿನ ಬಾವು ಗುರುತಿಸಬೇಕಿದ್ದ ಆಶಾ ಕಾರ್ಯಕರ್ತೆಯನ್ನು ಕೋವಿಡ್ ಸಮೀಕ್ಷೆಗೆ ಹಚ್ಚಿದರು. ಗರ್ಭನಂಜು ಏರುವುದು ಇಂಥ ತಪ್ಪಿದ ತಪಾಸಣೆಗಳಲ್ಲೇ. ಅದೇ ವರ್ಷದ ಜುಲೈನಲ್ಲಿ 12,000 ರೂಪಾಯಿ ಗೌರವಧನಕ್ಕಾಗಿ, ಮಾಸ್ಕು, ಕೈಗವಸುಗಳಿಗಾಗಿ ರಾಜ್ಯದ ಆಶಾಗಳು ಮುಷ್ಕರ ಹೂಡಬೇಕಾಯಿತು.

ಲಾಕ್‌ಡೌನೇ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹೆರಿಗೆಯನ್ನು ಮುಂದೂಡಬಹುದಾದ ಕೆಲಸಗಳ ಸಾಲಿನಲ್ಲಿ ಇಟ್ಟದ್ದು ತಪ್ಪು, ಆ ತಪ್ಪನ್ನು ಸರ್ಕಾರ ಇವತ್ತಿಗೂ ಬಾಯಿಬಿಟ್ಟು ಒಪ್ಪಿಕೊಂಡಿಲ್ಲ. ಮುಂದಿನ ಸಾಂಕ್ರಾಮಿಕಕ್ಕೆ ಮೊದಲೇ ಮೂರು ಸಾಲು ಬರೆದಿಡಲಿ. ತಾಯಿ ಕಾರ್ಡ್ ಇದ್ದವಳಿಗೆ, ಅವಳ ಜೊತೆಗಿದ್ದವರಿಗೆ ಬೇರೆ ಪಾಸ್ ಕೇಳುವಂತಿಲ್ಲ, ಅದು ರಾಜ್ಯದ ಗಡಿಯಾದರೂ ಸರಿ. ನೋವು ಶುರುವಾದವಳನ್ನು ಸೋಂಕಿನ ವರದಿ ತಾ ಎಂದು ಯಾವ ಆಸ್ಪತ್ರೆಯೂ ಬಾಗಿಲಿನಿಂದ ಕಳಿಸುವಂತಿಲ್ಲ. ಎಂಟು ತಿಂಗಳು ದಾಟಿದ ಬಸುರಿಯರಿರುವ ಊರಿನ ಆಶಾಳನ್ನು ಸಮೀಕ್ಷೆಗೆ ಎಳೆಯುವಂತಿಲ್ಲ.