ಬಣ್ಣದ ಮೇಲೆ ಕಿತ್ತಳೆ ಸಿಪ್ಪೆ!

ವಿದ್ಯಾರ್ಥಿಗಳೇ, ಮನೆಯಲ್ಲಿ ನುಣುಪು ಬಣ್ಣದ ಕಬ್ಬಿಣದ ಬೀರು ಇದ್ದರೆ ಅದರ ಬಾಗಿಲಿನಲ್ಲಿ ಕಾಣುವ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಗಮನಿಸಿ. ಅದರ ಅಂಚು ಗೆರೆ ಎಳೆದಂತೆ ನೇರವಾಗಿದೆಯೇ? ಹಾಗಿದ್ದರೆ ಬಣ್ಣ ಹೊಡೆದವರು ಕುಶಲಿಗಳು. ಅಂಚು ನಡುಗಿದಂತೆ ಕಂಡರೆ ಹತ್ತಿರದಿಂದ ನೋಡಿ. ಕಿತ್ತಳೆ ಸಿಪ್ಪೆಯ ಮೇಲಿರುವಂಥ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಪೇಂಟರುಗಳು ಇದನ್ನು ‘ಆರೆಂಜ್ ಪೀಲ್’ ಎನ್ನುತ್ತಾರೆ.

ಇದೇಕೆ ಹೀಗಾಗುತ್ತದೆ? ಸ್ಪ್ರೇ ಗನ್ನಿನಿಂದ ಹೊರಡುವ ಬಣ್ಣ ಲಕ್ಷಾಂತರ ಹನಿಗಳಾಗಿ ತಗಡಿನ ಮೇಲೆ ಬೀಳುತ್ತದೆ. ಹನಿಗಳು ಹರಡಿ, ಒಂದಕ್ಕೊಂದು ಬೆರೆತು, ಮಟ್ಟಸವಾಗಬೇಕು. ಹಾಗೆ ಮಟ್ಟ ಮಾಡುವುದು ದ್ರವದ ಮೇಲ್ಮೈ ಎಳೆತ. ಅದನ್ನು ತಡೆಯುವುದು ಸ್ನಿಗ್ಧತೆ. ತಿನ್ನರ್ ಆರಿದಷ್ಟೂ ಬಣ್ಣದ ಸ್ನಿಗ್ಧತೆ ಹೆಚ್ಚುತ್ತದೆ. ಹೀಗಾಗಿ ಇದೊಂದು ಓಟದ ಪಂದ್ಯ. ಬಣ್ಣ ಮಂದವಾಗಿದ್ದರೆ, ಗಾಳಿಯ ಒತ್ತಡ ಸಾಲದೆ ಹನಿಗಳು ದಪ್ಪವಾಗಿದ್ದರೆ, ಅಥವಾ ಬಿಸಿಲಿಗೆ ತಿನ್ನರ್ ಬೇಗ ಹಾರಿಹೋದರೆ, ಮಟ್ಟವಾಗುವ ಮೊದಲೇ ಬಣ್ಣ ಗಟ್ಟಿಯಾಗಿಬಿಡುತ್ತದೆ.

ಗನ್ ಹಿಡಿಯುವ ದೂರವೂ ಮುಖ್ಯ. ಸಾಮಾನ್ಯವಾಗಿ 15ರಿಂದ 20 ಸೆಂ.ಮೀ., ಅಂದರೆ ಒಂದು ಗೇಣಿಗಿಂತ ತುಸು ಕಡಿಮೆ. ದೂರ ಹೆಚ್ಚಾದರೆ ಹನಿಗಳು ಗಾಳಿಯಲ್ಲೇ ಅರೆ ಒಣಗಿ ಮೇಲ್ಮೈ ಮರಳು ಮರಳಾಗುತ್ತದೆ. ತೀರಾ ಹತ್ತಿರ ಹಿಡಿದರೆ ಅಥವಾ ಕೈ ನಿಧಾನವಾದರೆ ಪದರ ದಪ್ಪವಾಗಿ, ಗುರುತ್ವಕ್ಕೆ ಸಿಕ್ಕಿ ಕಣ್ಣೀರಿನಂತೆ ಇಳಿಯುತ್ತದೆ.

ದಪ್ಪ ಪದರದ ಇನ್ನೊಂದು ತೊಂದರೆ ಸೂಜಿರಂಧ್ರ. ಹಾಲು ಉಕ್ಕುವುದನ್ನು ನೆನೆಯಿರಿ. ಮೇಲಿನ ಕೆನೆ ಕೆಳಗಿನ ಆವಿಯನ್ನು ಹಿಡಿದಿಡುತ್ತದೆ. ಬಣ್ಣದ ಮೇಲ್ಭಾಗ ಮೊದಲೇ ಒಣಗಿ ಕೆನೆಗಟ್ಟಿದರೆ ಒಳಗಿನ ತಿನ್ನರಿನ ಆವಿ ಗುಳ್ಳೆಯಾಗಿ ಅದನ್ನು ಒಡೆದುಕೊಂಡು ಬರುತ್ತದೆ. ಎರಡು ಪದರಗಳ ನಡುವೆ ಆರಲು ಸಮಯ ಕೊಡುವುದು ಇದಕ್ಕಾಗಿಯೇ.

ಮಳೆಗಾಲದಲ್ಲಿ ಬೇಗ ಒಣಗುವ ಎನ್.ಸಿ. ಬಣ್ಣ ಹೊಡೆದರೆ ಹೊಳಪು ಹೋಗಿ ಬೆಳ್ಳನೆಯ ಮಂಜು ಕವಿಯುವುದುಂಟು. ಅಂಗೈಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದಲ್ಲವೇ? ಹಾಗೆಯೇ ತಿನ್ನರ್ ಆವಿಯಾಗುವಾಗ ಬಣ್ಣದಿಂದ ಶಾಖವನ್ನು ಹೀರಿಕೊಳ್ಳುತ್ತದೆ. ಮೇಲ್ಮೈಯ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಗಾಳಿಯ ತೇವ ಹಸಿ ಬಣ್ಣದ ಮೇಲೆಯೇ ಇಬ್ಬನಿಯಾಗಿ ಕೂರುತ್ತದೆ. ನಿಧಾನವಾಗಿ ಆರುವ ತಿನ್ನರ್ ಬೆರೆಸುವುದು ಇದಕ್ಕೆ ಪರಿಹಾರ.

ಎಲ್ಲಕ್ಕಿಂತ ಕಾಡುವುದು ‘ಮೀನಿನ ಕಣ್ಣು’. ಬಣ್ಣ ಅಲ್ಲಲ್ಲಿ ಹಿಂದೆ ಸರಿದು ದುಂಡನೆಯ ಕುಳಿಯಲ್ಲಿ ತಳ ಕಾಣುತ್ತದೆ. ಕಾರಣ ಎಣ್ಣೆ ಅಥವಾ ಪಾಲಿಶ್‌ನಲ್ಲಿರುವ ಸಿಲಿಕೋನ್. ಇದನ್ನು ಮನೆಯಲ್ಲೇ ಅರ್ಥ ಮಾಡಿಕೊಳ್ಳಬಹುದು. ತಟ್ಟೆಯ ನೀರಿಗೆ ಕಾಳುಮೆಣಸಿನ ಪುಡಿ ಉದುರಿಸಿ, ನಡುವೆ ಸಾಬೂನು ಸವರಿದ ಬೆರಳು ಮುಟ್ಟಿಸಿ. ಪುಡಿ ಅಂಚಿಗೆ ಓಡುತ್ತದೆ! ಮೇಲ್ಮೈ ಎಳೆತ ಕಡಿಮೆಯಾದ ಜಾಗದಿಂದ ಹೆಚ್ಚಿರುವ ಕಡೆಗೆ ದ್ರವ ಸರಿಯುತ್ತದೆ. ಆದ್ದರಿಂದಲೇ ಉಪ್ಪುಕಾಗದ ಉಜ್ಜುವ ಮೊದಲು ಜಿಡ್ಡು ತೆಗೆಯಬೇಕು. ಇಲ್ಲವಾದರೆ ಉಜ್ಜಿದಷ್ಟೂ ಜಿಡ್ಡು ಹರಡುತ್ತದೆ.

ಪೋಷಕರಿಗೆ ಎರಡು ಮಾತು. “ಓದದಿದ್ದರೆ ಗ್ಯಾರೇಜಿಗೆ ಸೇರಿಸುತ್ತೇನೆ” ಎಂದು ಮಕ್ಕಳನ್ನು ಹೆದರಿಸುವುದುಂಟು. ಆದರೆ ಶಾಲೆಯಲ್ಲಿ ಕಲಿಯುವ ಆವೀಕರಣ, ಸ್ನಿಗ್ಧತೆ, ಮೇಲ್ಮೈ ಎಳೆತಗಳನ್ನು ದಿನವೂ ಕೈಯಲ್ಲಿ ಆಡಿಸುವವರು ಅಲ್ಲಿದ್ದಾರೆ. ಅದು ಶಿಕ್ಷೆಯಲ್ಲ, ವಿದ್ಯೆ.

ಅಲ್ಲಿ ನಿಜವಾಗಿ ಹೆದರಬೇಕಾದದ್ದು ಬೇರೆಯೇ ಇದೆ. ಕಾರುಗಳಿಗೆ ಬಳಸುವ, ಹಾರ್ಡನರ್ ಬೆರೆಸುವ ಪಾಲಿಯುರೆಥೇನ್ ಬಣ್ಣದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದರ ತುಂತುರು ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು. ಒಮ್ಮೆ ಬಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯಲಾರದು. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವೇ ಬೇಕು. ನಿಮ್ಮ ಮಗ ಈ ಕೆಲಸ ಕಲಿಯಲು ಹೊರಟರೆ ಸಂಬಳ ಎಷ್ಟೆಂದು ಕೇಳುವ ಮೊದಲು ಆ ಮುಖವಾಡ ಇದೆಯೇ ಎಂದು ಕೇಳಿ. ಬಣ್ಣ ಕೆಟ್ಟರೆ ಉಜ್ಜಿ ಮತ್ತೆ ಹೊಡೆಯಬಹುದು. ಶ್ವಾಸಕೋಶಕ್ಕೆ ಆ ಸೌಲಭ್ಯವಿಲ್ಲ.