ಸಣ್ಣ ದೇಶ ಯಾರಿಗೆ ಕೊಡಬೇಕು?

ಚಿಕ್ಕಮಗಳೂರು ಜಿಲ್ಲೆ ಅಂದೊಡನೆ ಹೊರಗಿನವರಿಗೆ ಕಾಫಿ ತೋಟ, ಮಂಜು, ರೆಸಾರ್ಟು ನೆನಪಾಗುತ್ತವೆ. ತಲಾ ಆದಾಯದ ಲೆಕ್ಕದಲ್ಲೂ ಅದು ರಾಜ್ಯದ ಮೇಲ್ಸಾಲಿನ ಜಿಲ್ಲೆಯೇ. ಆದರೆ ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿದರೆ ಕಡೂರಿಗೆ ಬೀಳುವುದು 600ರ ಆಸುಪಾಸು. ಬರ ಬಿದ್ದ ವರ್ಷ ಬೀರೂರು, ಅಜ್ಜಂಪುರದ ಕಡೆ ಬೋರ್‌ವೆಲ್ ಬತ್ತಿ, ಸುಳಿ ಒಣಗಿ, ತಲೆ ಕಳಚಿದ ತೆಂಗಿನ ಮರಗಳು ಲೈಟುಕಂಬಗಳ ಹಾಗೆ ನಿಂತಿರುತ್ತವೆ. ತರೀಕೆರೆಯ ಮಗ್ಗುಲಲ್ಲೇ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಇದೆ, ಅದರ ನೀರಿನ ಬಹುಪಾಲು ಹರಿಯುವುದು ದಾವಣಗೆರೆ ಕಡೆಯ ಗದ್ದೆಗಳಿಗೆ. ಜಿಲ್ಲೆಯ ಸರಾಸರಿ ನೋಡಿ ನೆರವು ಕೊಡುವವನಿಗೆ ಕಡೂರು ಕಾಣುವುದಿಲ್ಲ. ದೇಶದ ಸರಾಸರಿ ನೋಡುವವನ ಮಾತಂತೂ ಬೇಡವೇ ಬೇಡ.

ವಿದೇಶಿ ನೆರವು ಹಂಚುವವರು ಮೊದಲು ನೋಡುವುದು ದೇಶವನ್ನೇ. ರಾಷ್ಟ್ರೀಯ ಆದಾಯದ ಶೇಕಡಾ 0.7ರಷ್ಟನ್ನು ನೆರವಿಗೆ ಕೊಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಗುರಿ ಇಟ್ಟಿತು. ಅದನ್ನು ಬಹುಕಾಲ ಮುಟ್ಟಿದವು ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ನಂಥ ಸಣ್ಣ ದೇಶಗಳು. ಅಮೆರಿಕ ಅದರ ಹತ್ತಿರವೂ ಸುಳಿದಿಲ್ಲ. ಆದರೆ ಸಣ್ಣವರ ಹಣ ಎಲ್ಲರಿಗೂ ಸಾಲದು, ಆರಿಸಲೇಬೇಕು. ಹೇಗೆ?

ನಾರ್ವೆಯನ್ನೇ ನೋಡಿ. 1950ರ ದಶಕದ ಮೊದಲಲ್ಲಿ ಅದು ತನ್ನ ಮೊದಲ ನೆರವು ಯೋಜನೆಗೆ ಆರಿಸಿಕೊಂಡದ್ದು ಕೇರಳದ ನೀಂಡಕರದ ಮೀನುಗಾರರನ್ನು. ಭಾರತದಲ್ಲಿ ಅದಕ್ಕೆ ವಸಾಹತೂ ಇರಲಿಲ್ಲ, ದೊಡ್ಡ ವ್ಯಾಪಾರವೂ ಇರಲಿಲ್ಲ. 1949ರಲ್ಲಿ ನೇಟೋ ಸೇರಿದ್ದ ಲೇಬರ್ ಸರ್ಕಾರ, ಬಂದೂಕಿನ ಕೂಟದ ಜೊತೆಗೆ ಶಾಂತಿಯ ಕೆಲಸವೂ ತನಗೆ ಗೊತ್ತೆಂದು ತನ್ನ ಎಡಪಂಥೀಯರಿಗೇ ತೋರಿಸಬೇಕಿತ್ತು. ಮೀನು ಹಿಡಿಯುವುದು ಅವರಿಗೆ ಬಂದ ವಿದ್ಯೆ. ಯೋಜನೆ 60ರ ದಶಕದಲ್ಲಿ ಕಾರವಾರಕ್ಕೂ ಬಂತು. ಬಡವರ ತಟ್ಟೆಗೆ ಮೀನು ಎಂದು ಹೊರಟದ್ದು, ಯಂತ್ರದ ದೋಣಿ ಬಂದ ಮೇಲೆ ಸಿಗಡಿ ರಫ್ತಿನ ಕಡೆ ತಿರುಗಿಕೊಂಡಿತು. ಕೊಡುವವನ ಮನೆಯ ಕಾರಣ, ಕೊಡುವವನ ಕೈಗಾರಿಕೆ; ಪಡೆಯುವವನ ಹಸಿವು ಮೂರನೆಯದು. ಹಾಗಿದ್ದರೂ ದೊಡ್ಡವರಿಗಿಂತ ಇವರೇ ವಾಸಿ. ಹಣ ಎತ್ತ ಹೋಗುತ್ತದೆಂದು 2000ದಲ್ಲಿ ಲೆಕ್ಕ ಹಾಕಿದ ಅಲೆಸಿನಾ ಮತ್ತು ಡಾಲರ್ ಎಂಬ ಅರ್ಥಶಾಸ್ತ್ರಜ್ಞರಿಗೆ, ಫ್ರಾನ್ಸ್ ತನ್ನ ಹಳೆಯ ವಸಾಹತುಗಳನ್ನೂ ಜಪಾನ್ ವಿಶ್ವಸಂಸ್ಥೆಯ ಮತವನ್ನೂ ನೋಡುವುದು ಕಂಡಿತು. ನಾರ್ಡಿಕ್ ದೇಶಗಳು ಬಡತನಕ್ಕೆ ಹೆಚ್ಚು ಬೆಲೆ ಕೊಟ್ಟಿದ್ದವು.

ನಮ್ಮ ರಾಜ್ಯಕ್ಕೆ ಇಂಥವರ ಹಣದಿಂದ ಬಂದ ಒಳ್ಳೆಯ ಕೆಲಸ ಎರಡು. ಒಂದು, 1982ರಲ್ಲಿ ಡೆನ್ಮಾರ್ಕಿನ ನೆರವು ಸಂಸ್ಥೆ ಡ್ಯಾನಿಡಾದ ಹಣದಿಂದ ಕೃಷಿ ಇಲಾಖೆ ಆರಂಭಿಸಿದ ರೈತ ಮಹಿಳೆಯರ ತರಬೇತಿ. ಕೃಷಿ ತರಬೇತಿ ಎಂದರೆ ಗಂಡಸರದು ಎಂಬ ಕಾಲದಲ್ಲಿ ಹೆಂಗಸರನ್ನು ಮುಂದೆ ಕೂರಿಸಿದ ಯೋಜನೆ ಅದು. ಇನ್ನೊಂದು, ನೆದರ್ಲೆಂಡ್ಸ್ ಹಣದಲ್ಲಿ 1989ರಲ್ಲಿ ಶುರುವಾದ, ಹಳ್ಳಿ ಹೆಂಗಸರ ಶಿಕ್ಷಣ ಮತ್ತು ಸಂಘಟನೆಯ ಕಾರ್ಯಕ್ರಮ ಮಹಿಳಾ ಸಮಖ್ಯಾ. ಇವೆರಡೂ ಬೇರೂರಿದ್ದು ಹಣದ ಗಾತ್ರದಿಂದ ಎನ್ನುವುದಕ್ಕಿಂತ ಬಹಳ ವರ್ಷ ಅಲ್ಲೇ ಕೂತದ್ದರಿಂದ. 1998ರ ಪೋಖರಣ್ ಅಣು ಸ್ಫೋಟದ ನಂತರ ಡೆನ್ಮಾರ್ಕ್ ಭಾರತದಿಂದ ಹಂತಹಂತವಾಗಿ ಕೈ ತೆಗೆಯಲು ನಿರ್ಧರಿಸಿತು. 2003ರಲ್ಲಿ ವಾಜಪೇಯಿ ಸರ್ಕಾರವೇ, ದೊಡ್ಡ ಕೆಲವು ದೇಶಗಳನ್ನೂ ಐರೋಪ್ಯ ಒಕ್ಕೂಟವನ್ನೂ ಉಳಿಸಿಕೊಂಡು, ಸಣ್ಣವರಿಗೆ ನಿಮ್ಮ ನೆರವು ಸಾಕು ಎಂದಿತು. ದೇಶದ ಮಾನದ ಮಾತು ನನಗೆ ಅರ್ಥವಾಗುತ್ತದೆ. ಆದರೆ ಬಾಂಬು ಸಿಡಿಸಿದಾಗಲೂ ಬೇಡ ಎಂದಾಗಲೂ ತರಬೇತಿಗೆ ಬಂದ ಹೆಂಗಸನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಆರಿಸುವುದು ಹೇಗೆ? ದಾರಿ ನಮ್ಮಲ್ಲೇ ಇದೆ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಜಿಲ್ಲೆ ಬಿಟ್ಟು ತಾಲೂಕನ್ನೇ ಅಳತೆಗೋಲು ಮಾಡಿಕೊಂಡಿತು. 175ರಲ್ಲಿ 114 ತಾಲೂಕು ಹಿಂದುಳಿದವೆಂದು ಕಂಡದ್ದು ಅದರಿಂದಲೇ. ಸಣ್ಣ ದೇಶಕ್ಕೂ ಇದೇ ಸರಿ. ತಾಲೂಕುಗಳನ್ನು ಹುಡುಕಿ ಹಂಚಲು ಅಷ್ಟು ಆಫೀಸು, ಅಷ್ಟು ಜನ ಎಲ್ಲಿಂದ ತರೋಣ ಎಂದು ಆ ದೇಶದವರು ಕೇಳಬಹುದು. ಐದು ತಾಲೂಕು ಸಾಕು, ಇಪ್ಪತ್ತು ವರ್ಷ ಇರಿ. ನಲವತ್ತು ದೇಶಗಳಿಗೆ ಚೂರುಚೂರು ಹಂಚಿ ಪ್ರತಿಯೊಂದರಲ್ಲೂ ಬಾವುಟ ನೆಡುವುದಕ್ಕಿಂತ ಅದು ಅಗ್ಗ.

ಈಗ ಭಾರತವೂ ಕೊಡುವ ಪಂಕ್ತಿಯಲ್ಲಿ ಕುಳಿತಿದೆ. ಕೇಂದ್ರ ಬಜೆಟ್ಟಿನ ವಿದೇಶಿ ನೆರವಿನಲ್ಲಿ ಬಹುಪಾಲು ವರ್ಷ ದೊಡ್ಡ ಪಾಲು ಭೂತಾನಕ್ಕೆ. ಅಲ್ಲಿನ ಬಡತನಕ್ಕಿಂತ ಚೀನಾದ ಗಡಿಯೇ ಅದಕ್ಕೆ ದೊಡ್ಡ ಕಾರಣ.