ಚಟ ಯಾರದು, ಹವ್ಯಾಸ ಯಾರದು?

ಬಡವರು ಯಾಕೆ ಬಡವರಾಗಿಯೇ ಉಳಿದಿದ್ದಾರೆ ಎಂಬುದಕ್ಕೆ ನಮ್ಮ ಬೀದಿಯ ಪ್ರತಿ ಅಡುಗೆಮನೆಯಲ್ಲೂ ಒಂದು ಸಿದ್ಧ ಉತ್ತರವಿದೆ. "ದುಡಿದದ್ದು ಕೈಯಲ್ಲಿ ನಿಲ್ಲೋದಿಲ್ಲ ಕಣ್ರೀ. ಎಲ್ಲೆಂದರಲ್ಲಿ ಸಾಲ ಮಾಡ್ತಾರೆ, ಗಂಡಸರು ಕುಡೀತಾರೆ, ಮದುವೆ ಅಂದ್ರೆ ಊರಿಗೆಲ್ಲ ಊಟ ಹಾಕ್ತಾರೆ. ನಾಳೆ ಅನ್ನೋ ಯೋಚನೆಯೇ ಇಲ್ಲ." ಹೀಗೆ ಹೇಳುವವರು ಕೆಟ್ಟವರೇನಲ್ಲ. ಹಬ್ಬಕ್ಕೆ ಕೆಲಸದವಳಿಗೆ ಸೀರೆ ಕೊಡುವವರು, ಮಿಕ್ಕ ಸಾರನ್ನು ಚೆಲ್ಲದೆ ಡಬ್ಬಿಗೆ ಹಾಕಿ ಕಳಿಸುವವರು. ಆದರೂ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಈ ಪಟ್ಟಿಯಲ್ಲಿರುವ ಒಂದೊಂದು ಗುಣವೂ ಭಾರಿ ಶ್ರೀಮಂತರಲ್ಲೂ ಇದೆ. ಅಲ್ಲಿ ಅದಕ್ಕೆ ಬೇರೆ ಹೆಸರು, ಅಷ್ಟೇ.

ಸಾಲದ ಮಾತನ್ನೇ ತೆಗೆದುಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮ್ಮಂಥ ಸಂಬಳದ ಮನೆಗಳಿಗಾಗಿಯೇ ಹುಟ್ಟಿರಬೇಕು. ಬಡವರಿಗೆ ಚಾಚಲು ಹಾಸಿಗೆಯೇ ಇಲ್ಲ. ಶ್ರೀಮಂತರಿಗೆ ಬ್ಯಾಂಕಿನವರೇ ಮನೆಗೆ ಬಂದು ಹಾಸಿಕೊಡುತ್ತಾರೆ. ಹಾಗೆ ಹಾಸಿಕೊಟ್ಟದ್ದಕ್ಕೆ ದೊಡ್ಡ ಉದಾಹರಣೆ ನಮ್ಮ ಬೆಂಗಳೂರಿನದೇ. ವಿಜಯ್ ಮಲ್ಯ ಅವರ ಕಿಂಗ್‌ಫಿಶರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಬ್ಯಾಂಕುಗಳಿಗೆ ಬರಬೇಕಾದ ಬಾಕಿ ಬಡ್ಡಿ ಸೇರಿ ಸುಮಾರು 9,000 ಕೋಟಿ ರೂಪಾಯಿ. 2015ರ ಡಿಸೆಂಬರಿನಲ್ಲಿ ಗೋವಾದಲ್ಲಿ ಅರವತ್ತನೆಯ ಹುಟ್ಟುಹಬ್ಬ ಜೋರಾಗಿ ನಡೆಯಿತು. 2016ರ ಮಾರ್ಚಿನಲ್ಲಿ ಅವರು ದೇಶ ಬಿಟ್ಟು ಲಂಡನ್ ಸೇರಿದರು. ತಾನು ಓಡಿಬಂದವನಲ್ಲ, ದೇಶವಿದೇಶ ಓಡಾಡುವ ಉದ್ಯಮಿ ಎಂಬುದು ಅವರ ವಾದವಾಗಿತ್ತು. ಮುಂಬೈಯ ವಿಶೇಷ ನ್ಯಾಯಾಲಯ 2019ರ ಜನವರಿಯಲ್ಲಿ ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಹೀಗೆ ಹೆಸರಿಡಲು ಮೂರು ವರ್ಷ, ಒಂದು ಹೊಸ ಕಾನೂನು ಬೇಕಾದವು ನೋಡಿ.

ಈಗ ಇನ್ನೊಂದು ಊರು ಬಿಟ್ಟ ಕಥೆ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಪತ್ರಿಕೆಗಳಲ್ಲಿ ಸುದ್ದಿ ಬಂತು. ಮೈಕ್ರೋಫೈನಾನ್ಸ್ ಕಂಪನಿಗಳ ವಾರದ ಕಂತು ಕಟ್ಟಲಾಗದೆ, ವಸೂಲಿಗೆ ಬಂದು ಬಾಗಿಲಲ್ಲಿ ಕೂರುವವರ ಕಾಟ ತಾಳಲಾಗದೆ, ಕೆಲವು ಕುಟುಂಬಗಳು ಮನೆಗೆ ಬೀಗ ಹಾಕಿ ಹೊರಟುಹೋಗಿದ್ದವು. ಈ ಸಾಲ ಹೆಚ್ಚಾಗಿ ಹೆಂಗಸರ ಹೆಸರಿನಲ್ಲೇ ಇರುತ್ತದೆ. ಹತ್ತು ಹೆಂಗಸರು ಗುಂಪು ಮಾಡಿಕೊಂಡಿರುತ್ತಾರೆ. ಒಬ್ಬಳು ಕಟ್ಟದಿದ್ದರೆ ಉಳಿದವರ ಮುಖ ನೋಡುವಂತಿಲ್ಲ. ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯಿಂದ ಸಾಲ, ಅದರ ಕಂತಿಗೆ ಓಲೆ ಗಿರವಿ. ಕಿರುಕುಳ ತಡೆಯಲು ಸರ್ಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಹಳೆಯ ಸಾಲ ತೀರಿಸಲು ಹೊಸ ಸಾಲ, ಕೊನೆಗೆ ಬೀಗ ಹಾಕಿ ಹೊರಡುವುದು. ಎರಡು ಕಡೆಯೂ ದಾರಿ ಒಂದೇ. ಒಬ್ಬರು ಹೋದದ್ದು ವಿಮಾನದಲ್ಲಿ, ಇನ್ನೊಬ್ಬರು ರಾತ್ರಿ ಬಸ್ಸಿನಲ್ಲಿ.

"ಅವರಿಗಿದೆ, ಮಾಡ್ತಾರೆ. ಇಲ್ಲದವರು ಯಾಕೆ ಮಾಡಬೇಕು?" ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಒಪ್ಪತಕ್ಕ ಪ್ರಶ್ನೆಯ ಹಾಗೆ ಕಾಣುತ್ತದೆ. ಆದರೆ ಅವರು ಮಾಡುವುದು ತಮ್ಮ ದುಡ್ಡಿನಲ್ಲೇ ಏನು? ಆ ಬ್ಯಾಂಕುಗಳಲ್ಲಿ ಇದ್ದದ್ದು ನನ್ನ ಗೆಳತಿಯ ಗಂಡನ ಪಿಂಚಣಿ ಹಣದಂಥದೇ ಹಣ.

ಮದುವೆಯ ವಿಷಯಕ್ಕೆ ಬರೋಣ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ನಾವೆಲ್ಲ ಎರಡು ಸಾವಿರ ರೂಪಾಯಿಗಾಗಿ ಎ.ಟಿ.ಎಂ. ಮುಂದೆ ಸಾಲು ನಿಂತಿದ್ದ ಆ ದಿನಗಳಲ್ಲೇ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಗಣಿ ಉದ್ಯಮಿ, ಮಾಜಿ ಮಂತ್ರಿ ಜನಾರ್ದನ ರೆಡ್ಡಿಯವರ ಮನೆಯ ಮದುವೆ ನಡೆಯಿತು. ಪೆಟ್ಟಿಗೆ ತೆರೆದರೆ ಪರದೆಯ ಮೇಲೆ ಹಾಡು ಬರುವ ಲಗ್ನಪತ್ರಿಕೆ, ಹಂಪಿಯ ಮಾದರಿಯ ಸೆಟ್ಟು! ನಾವು ಟಿ.ವಿ. ಮುಂದೆ ಕೂತು ಒಡವೆಯ ತೂಕ ಅಂದಾಜು ಮಾಡಿದೆವು. ಅದೇ ನಮ್ಮ ಕೆಲಸದವಳು ಮಗಳ ಮದುವೆಗೆ ಮುನ್ನೂರು ಜನಕ್ಕೆ ಊಟ ಹಾಕಿದರೆ, "ಇವಳಿಗೆ ಯಾಕೆ ಬೇಕಿತ್ತು?"

ಯಾಕೆ ಬೇಕಿತ್ತು ಅಂದರೆ, ಅವಳ ಮನೆಯ ಟ್ರಂಕಿನಲ್ಲಿ ಒಂದು ಮುಯ್ಯಿಯ ಪುಸ್ತಕ ಇದೆ. ಯಾರು ಎಷ್ಟು ಓದಿಸಿದರು, ಯಾರ ಮನೆಗೆ ಎಷ್ಟು ತಿರುಗಿ ಕೊಡಬೇಕು, ಎಲ್ಲ ಬರೆದಿದೆ. ಇವತ್ತು ಉಂಡವರು ನಾಳೆ ಆಸ್ಪತ್ರೆಗೆ ಸೇರಿದಾಗ ಬಂದು ನಿಲ್ಲುವವರು. ಅವಳಿಗಿರುವ ವಿಮೆ ಅದೊಂದೇ. ಶ್ರೀಮಂತರೂ ಮದುವೆಗೆ ಮಂತ್ರಿ, ಅಧಿಕಾರಿಗಳನ್ನೆಲ್ಲ ಕರೆಯುವುದು ಇದೇ ಲೆಕ್ಕದಲ್ಲಿ. ಪುಸ್ತಕದಲ್ಲಿ ಬರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಸ್ಪೀಟು, ಕುಡಿತಗಳ ಕಥೆಯೂ ಇದೇ. ಅರಳಿಕಟ್ಟೆಯ ಮೇಲೆ ಅಂದರ್ ಬಾಹರ್ ಆಡಿದರೆ ಪೊಲೀಸರು ಬರುತ್ತಾರೆ. ಕುದುರೆ ರೇಸು ಅದೃಷ್ಟದ ಆಟವಲ್ಲ, ಕೌಶಲದ್ದು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿಬಿಟ್ಟಿದೆ. (ಕೌಶಲ ಕುದುರೆಯದೋ, ದುಡ್ಡು ಕಟ್ಟಿದವರದೋ ನನಗಂತೂ ತಿಳಿಯದು.) 2007ರ ಜುಲೈಯಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ನಿಂತದ್ದು ಒಳ್ಳೆಯದೇ, ಅದಕ್ಕಾಗಿ ಬೀದಿಗಿಳಿದವರು ಹಳ್ಳಿಯ ಹೆಂಗಸರೇ. ಆದರೆ ಕ್ಲಬ್ಬಿನ ಗ್ಲಾಸು ಕಮಲಲಿಲ್ಲ.

ಚೀಟಿಯ ವಿಷಯ ಮಾತ್ರ ನನಗೆ ಭಾರಿ ತಮಾಷೆ. ವಠಾರದ ಹೆಂಗಸರು ತಿಂಗಳಿಗಿಷ್ಟು ಹಾಕಿ ಸರದಿಯಂತೆ ಗಂಟು ಎತ್ತಿದರೆ ಅದು ಚೀಟಿ, ಇವತ್ತಲ್ಲ ನಾಳೆ ಮುಳುಗುವಂಥದು. ದೊಡ್ಡ ಬಡಾವಣೆಯ ಹೆಂಗಸರು ಅದೇ ಲೆಕ್ಕದಲ್ಲಿ ದುಡ್ಡು ಹಾಕಿ, ಹೋಟೆಲಿನಲ್ಲಿ ಊಟ ಮಾಡಿ, ಹೆಸರು ಎತ್ತಿದರೆ ಕಿಟ್ಟಿ ಪಾರ್ಟಿ. ಅದಕ್ಕೆ ಸೇರಿಸಿಕೊಳ್ಳಲಿ ಎಂದು ನಮ್ಮಲ್ಲಿ ಎಷ್ಟು ಜನ ಕಾದಿಲ್ಲ!

ಹೆಸರಿಡುವ ಕೆಲಸ ನಡೆಯುವುದು ನಡುವೆ ಕೂತ ನಮ್ಮ ಮನೆಗಳಲ್ಲಿ. ಮೇಲಿನವರನ್ನು ಕೇಳುವ ಧೈರ್ಯ ನಮಗಿಲ್ಲ, ಕೆಳಗಿನವಳನ್ನು ಕೇಳದೆ ಬಿಡುವ ಮನಸ್ಸಿಲ್ಲ. ಇದು ಬರೀ ಬಾಯಿಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಅವಳು ಬಾಗಿಲ ಬಳಿ ನಿಂತು, "ಅಮ್ಮಾ, ಮಗಳ ಸ್ಕೂಲ್ ಫೀಸಿಗೆ ಮೂರು ಸಾವಿರ ಮುಂಗಡ ಬೇಕಿತ್ತು" ಎನ್ನುತ್ತಾಳೆ. ಗಂಡ ಏನು ಮಾಡ್ತಾನೆ, ಹೋದ ತಿಂಗಳ ಸಂಬಳ ಏನಾಯಿತು, ಮೊಬೈಲ್ ಯಾಕೆ ಕೊಂಡೆ, ಎಲ್ಲ ವಿಚಾರಣೆ ಮುಗಿದ ಮೇಲೆ ಒಂದು ಸಾವಿರ ಕೊಡುತ್ತೇವೆ. ಉಳಿದ ಎರಡು ಸಾವಿರಕ್ಕೆ ಅವಳು ಹೋಗುವುದು ಆ ವಾರದ ಕಂತಿನವನ ಹತ್ತಿರವೇ. ನಾವೇ ಕಳಿಸಿಕೊಟ್ಟು, ಆಮೇಲೆ ಎಲ್ಲೆಂದರಲ್ಲಿ ಸಾಲ ಮಾಡ್ತಾಳೆ ಎನ್ನುವವರೂ ನಾವೇ.

ಕರ್ನಾಟಕ ಸರ್ಕಾರ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ್ದು 2004ರಲ್ಲಿ. ಇಪ್ಪತ್ತು ವರ್ಷ ದಾಟಿತು. ಈಗಿನ ದರ ಎಷ್ಟು, ನಾವು ಕೊಡುತ್ತಿರುವುದು ಎಷ್ಟು ಎಂದು ಎಲ್ಲರೂ ಕೂತು ಲೆಕ್ಕ ಹಾಕೋಣ, ವಾರಕ್ಕೊಂದು ದಿನ ಸಂಬಳ ಹಿಡಿಯದೆ ರಜೆ ಕೊಡೋಣ ಎಂದು ನಮ್ಮ ಮಹಿಳಾ ಸಮಾಜದಲ್ಲಿ ಕೇಳಿದೆ. ಭಜನೆಗೆ ಹೊತ್ತಾಯಿತು, ಮುಂದಿನ ಸಭೆಯಲ್ಲಿ ನೋಡೋಣ ಅಂದರು. ಮುಂದಿನ ಸಭೆ ಹದಿನೈದನೇ ತಾರೀಕು ಇದೆ. ನಾನು ಹೋಗುವವಳೇ.